ಬುಕ್ಕು ಯಾರ ಹೆಸರಲ್ಲಿದೆ?

ನನ್ನ ಕಾರಿನ ವ್ಯಾಪಾರ ಕುದುರಿಸಿದ ಸೋದರಮಾವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅವರು ಸ್ಟೀರಿಂಗ್ ಮುಂದೆ ಕೂತದ್ದನ್ನೂ ನಾನು ನೋಡಿಲ್ಲ. ಅವರಿಗೆ ಗೊತ್ತಿದ್ದದ್ದು ದನ. ತಿರುಮಕೂಡಲು ನರಸೀಪುರದ ಕಡೆಯವರು. ಮುಡುಕುತೊರೆ ಜಾತ್ರೆಗೂ ಚುಂಚನಕಟ್ಟೆ ಜಾತ್ರೆಗೂ ಮೀಸೆ ಬರುವ ಮುಂಚಿನಿಂದ ಹೋಗಿಬಂದವರು. ಹಳ್ಳಿಕಾರ್ ಜೋಡಿಯೊಂದು ಎದುರಿಗೆ ನಡೆದು ಬಂದರೆ ಸಾಕು, ಯಾವುದನ್ನು ಎಡಗೋಲಿಗೆ ಹೂಡಿ ಪಳಗಿಸಿದ್ದಾರೆ, ಯಾವುದು ಬಲಗೋಲಿನದು ಎಂದು ನೋಡಿದ ತಕ್ಷಣ ಹೇಳುತ್ತಿದ್ದರು. 2003ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುತ್ತೇನೆ ಎಂದಾಗ ಅಮ್ಮ ಹೇಳಿದ್ದು ಇಷ್ಟೆ: "ನಿಮ್ಮ ಮಾವನ್ನ ಕರ್ಕೊಂಡು ಹೋಗು. ಮೇಷ್ಟ್ರ ಮುಖ ನೋಡಿದ್ರೆ ಎಂಥೋನೂ ಹತ್ತು ಸಾವಿರ ಜಾಸ್ತಿ ಹೇಳ್ತಾನೆ."

ನಾನಾಗ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೆಂಡತಿಗೆ ಬ್ಯಾಂಕಿನವರು ನಂಜನಗೂಡಿಗೆ ವರ್ಗ ಮಾಡಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ನಿಂತುಕೊಂಡು ಬರುವುದು, ಮಗುವನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಕರೆತರುವುದು, ಮಳೆಗಾಲದಲ್ಲಿ ಸ್ಕೂಟರಿನ ಮೇಲೆ ಮೂವರೂ ಒಂದೇ ರೇನ್‌ಕೋಟಿನಲ್ಲಿ ಅಡಗುವುದು, ಇವೆಲ್ಲ ಸೇರಿ ಕಾರಿನ ಮಾತು ಶುರುವಾಯಿತು. ದುಡ್ಡಿನ ಮೂಲ ಎರಡು. ನನ್ನ ಜಿಪಿಎಫ್‌ನಿಂದ ತೆಗೆದದ್ದು ಒಂದು, ಅವಳು ಎತ್ತಿದ ಚೀಟಿ ಇನ್ನೊಂದು. ಎರಡೂ ಸೇರಿ ಒಂದು ಲಕ್ಷದ ಆಚೀಚೆ. ಹೊಸ ಮಾರುತಿ 800ಕ್ಕೆ ಆಗ ಎರಡು ಲಕ್ಷದ ಮೇಲಿತ್ತು.

ಯಾವ ಕಾರು ಎಂಬ ಪ್ರಶ್ನೆಯೇ ನಮ್ಮ ಮನೆಯಲ್ಲಿ ಏಳಲಿಲ್ಲ. ಕಾರು ಅಂದರೆ ಏಟ್ ಹಂಡ್ರೆಡ್. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಅದರ ಮೊದಲ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಎಂಬವರ ಕೈಗೆ ಕೊಟ್ಟರು. ಬೆಲೆ ಐವತ್ತು ಸಾವಿರದ ಒಳಗೇ ಇತ್ತು. ಅಲ್ಲಿಯವರೆಗೆ ನಮ್ಮ ರಸ್ತೆಯಲ್ಲಿ ಕಾರೆಂದರೆ ಅಂಬಾಸಿಡರ್, ಇಲ್ಲವೇ ಫಿಯಟ್ ಎಂದೇ ಜನ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ. ಮೂರು ಸಿಲಿಂಡರಿನ, 796 ಸಿಸಿಯ ಈ ಪುಟ್ಟ ಗಾಡಿ ಬಂದು ಇಪ್ಪತ್ತು ವರ್ಷದಲ್ಲಿ ಅವೆರಡನ್ನೂ ಟ್ಯಾಕ್ಸಿ ಸ್ಟ್ಯಾಂಡಿಗೆ ಅಟ್ಟಿತು. ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಇದರ ಬೆಲೆ ಬೇಗ ಇಳಿಯುತ್ತಿರಲಿಲ್ಲ. ಬಿಡಿಭಾಗ ಯಾವ ಊರಿನಲ್ಲೂ ಸಿಗುತ್ತಿತ್ತು, ಯಾವ ಹುಡುಗನಿಗೂ ರಿಪೇರಿ ಗೊತ್ತಿತ್ತು. ಕೊಳ್ಳುವವನಿಗೆ ಇದು ಧೈರ್ಯದ ಮಾತು, ಚೌಕಾಸಿಗೆ ಮಾತ್ರ ತೊಡಕು. "ನೀವು ಬಿಟ್ರೆ ನಾಳೆ ಇನ್ನೊಬ್ರು" ಎಂದು ಬ್ರೋಕರ್ ಹೇಳಿದರೆ ಅದು ಸುಳ್ಳಾಗಿರುತ್ತಿರಲಿಲ್ಲ.

ಬ್ರೋಕರ್ ಅಗ್ರಹಾರದ ಕಡೆಯವನು. ಅಂಗಡಿಯಿಲ್ಲ, ಬೋರ್ಡಿಲ್ಲ. ಜೇಬಿನಲ್ಲಿ ಒಂದು ಸಣ್ಣ ಡೈರಿ, ಅದರಲ್ಲಿ ಗಾಡಿ ನಂಬರು, ಮಾಡೆಲ್ಲು, "ಓನರ್ ಎಷ್ಟಕ್ಕೆ ಬಿಡ್ತಾರೆ" ಎಂಬ ಗುಟ್ಟಿನ ಅಂಕಿ. ಆ ಅಂಕಿಯನ್ನು ಅವನು ತೋರಿಸುತ್ತಿರಲಿಲ್ಲ, ಪುಟ ತಿರುವುವಾಗ ಹೆಬ್ಬೆರಳು ಅದರ ಮೇಲೇ ಇರುತ್ತಿತ್ತು. ಅವನು ತೋರಿಸಿದ ಮೊದಲ ಕೆಲವು ಗಾಡಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಒಂದಕ್ಕೆ ನೆಲವೇ ತೂತು, ಇನ್ನೊಂದರ ಮೀಟರು ಮೂವತ್ತು ಸಾವಿರ ಕಿಲೋಮೀಟರ್ ಎಂದರೆ ಕ್ಲಚ್ ಪೆಡಲಿನ ರಬ್ಬರು ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಪೆಡಲ್ ರಬ್ಬರನ್ನು ಬದಲಿಸಲು ಜನಕ್ಕೆ ನೆನಪಾಗುವುದಿಲ್ಲ ಎಂದು ಹೇಳಿಕೊಟ್ಟವನು ನಮ್ಮ ಬೀದಿಯ ಮೆಕ್ಯಾನಿಕ್. ಈಗಲೂ ಯಾವುದೇ ಹಳೆಯ ಕಾರು ಹತ್ತಿದರೆ ನನ್ನ ಕಣ್ಣು ಮೊದಲು ಕಾಲಿನ ಬುಡಕ್ಕೆ ಹೋಗುತ್ತದೆ.

ಕೊನೆಗೆ ಒಪ್ಪಿಗೆಯಾದದ್ದು ಕುವೆಂಪುನಗರದ ಒಂದು ಮನೆಯ ಮುಂದೆ ನಿಂತಿದ್ದ ಬಿಳಿ ಕಾರು. 1996ರ ಮಾಡೆಲ್. ಕೆಎ 09, ಮೈಸೂರಿನ ರಿಜಿಸ್ಟ್ರೇಷನ್. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬರುತ್ತೇವೆ ಎಂದು ಬ್ರೋಕರಿಗೆ ತಿಳಿಸಿದ್ದೆವು. ಅಷ್ಟು ಹೊತ್ತಿಗೇ ಹೋಗಬೇಕೆಂದು ಹಟ ಹಿಡಿದವನು ಮೆಕ್ಯಾನಿಕ್. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ ಮೊದಲ ಸಲ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದರಲ್ಲಿ ಅದರ ಅರ್ಧ ಜಾತಕ ಇರುತ್ತದೆ ಎನ್ನುತ್ತಿದ್ದ. ಕಾರ್ಬೊರೇಟರ್ ಗಾಡಿ. ಚೋಕ್ ಎಳೆದು ಹೊಡೆದಾಗ ಎರಡನೆಯ ಮೂರನೆಯ ಸಲಕ್ಕೆ ಹಿಡಿದರೆ ಸರಿ, ಕೆಮ್ಮಿ ಕೆಮ್ಮಿ ನಿಂತರೆ ಖರ್ಚು ಕಾದಿದೆ ಎಂದೇ ಲೆಕ್ಕ.

ನಾವು ಹೋದಾಗ ಗೇಟು ತೆರೆದೇ ಇತ್ತು. ಮನೆಯವರು ನಗುತ್ತಾ ಬಂದರು. ಮಾವ ಕಾರಿನ ಸುತ್ತ ಒಂದು ಸುತ್ತು ಬಂದರು. ಹೆಗಲ ಮೇಲಿನ ಟವೆಲನ್ನು ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಏನನ್ನೂ ನೋಡದವರಂತೆ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತರು. ದನದ ಬೆನ್ನ ಮೇಲೆ ಕೈಯಿಟ್ಟು ನಿಲ್ಲುವ ಹಾಗೆಯೇ. ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದು ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಮೈ ಬೆಚ್ಚಗದೆ ಕಣಪ್ಪ" ಎಂದರು.

ಏಳು ಗಂಟೆಗೆ ಮುಂಚೆಯೇ ಯಾರೋ ಗಾಡಿಯನ್ನು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು! ಮೆಕ್ಯಾನಿಕ್ಕಿಗೂ ಇದು ಹೊಳೆದಿರಲಿಲ್ಲ. ಅವನು ಕೀಲಿ ಕೇಳುವ ಆತುರದಲ್ಲಿದ್ದ. ನಾನಾಗಿದ್ದರೆ ಆಗಲೇ ಮುಖ ಗಂಟಿಕ್ಕಿ "ಏನ್ ಸಾರ್ ಇದು" ಎಂದು ಕೇಳಿಬಿಡುತ್ತಿದ್ದೆ. ಮಾವ ಕೇಳಲಿಲ್ಲ. ಮನೆಯವರನ್ನು ನೋಡಿ, "ಸ್ವಾಮಿ, ಒಂದ್ ಲೋಟ ನೀರು ಕೊಡುಸ್ತೀರಾ" ಎಂದರು. ನೀರು ಬಂತು, ಹಿಂದೆಯೇ ಕಾಫಿ ಬಂತು. ಕುರ್ಚಿ ಬಂತು. ಯಾವ ಊರು, ಎಲ್ಲಿಯ ಸಂಬಂಧ, ಕಬಿನಿಯಲ್ಲಿ ನೀರೆಷ್ಟಿದೆ, ಮಗ ಏನು ಓದುತ್ತಿದ್ದಾನೆ ಎಂದು ಮಾತು ಬೆಳೆಯಿತು. ಮಗ ಎಂಜಿನಿಯರಿಂಗ್ ಸೀಟಿಗೆ ದುಡ್ಡು ಕಟ್ಟಬೇಕು, ಈ ತಿಂಗಳೊಳಗೆ, ಎಂಬ ವಿಷಯ ಆ ಮಾತಿನ ನಡುವೆ ತಾನಾಗಿ ಉದುರಿತು. ಮಾವ ಅದನ್ನು ಕೇಳಿಸಿಕೊಂಡ ಹಾಗೆ ತೋರಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು, ಎಂಜಿನ್ ಕೂಡ ಆರಿತ್ತು. "ಈಗ ನೋಡಪ್ಪ" ಎಂದು ಮೆಕ್ಯಾನಿಕ್ಕಿಗೆ ಕಣ್ಣು ಮಾಡಿದರು.

ಅವನು ನೋಡಿದ ರೀತಿಯನ್ನೂ ಹೇಳಬೇಕು. ಜೇಬಿನಿಂದ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ತೆಗೆದ, ಹಳೆಯ ರೇಡಿಯೋದ ಸ್ಪೀಕರಿನದು. ಬಾಗಿಲು, ಮಡ್‌ಗಾರ್ಡ್, ಡಿಕ್ಕಿ ಎಲ್ಲದರ ಮೇಲೂ ಅದನ್ನು ಮೆಲ್ಲಗೆ ಎಳೆದುಕೊಂಡು ಹೋದ. ತಗಡು ಇರುವಲ್ಲಿ ಅದು ಕಚ್ಚುತ್ತದೆ, ಪುಟ್ಟಿ ತುಂಬಿ ಬಣ್ಣ ಹೊಡೆದ ಕಡೆ ಜಾರುತ್ತದೆ. ಎಡಗಡೆಯ ಹಿಂದಿನ ಮಡ್‌ಗಾರ್ಡಿನಲ್ಲಿ ಒಂದು ಅಂಗೈ ಅಗಲದ ಜಾಗದಲ್ಲಿ ಜಾರಿತು. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಪಿ ತೆಗೆದು ಅದರ ಬಾಯಿಯ ಮೇಲೆ ಕೈ ಹಿಡಿದ. ಹೊಗೆ ಬುಸುಬುಸು ಎಂದು ಒತ್ತಿ ಬಂದರೆ ಪಿಸ್ಟನ್ ರಿಂಗುಗಳ ಕತೆ ಮುಗಿದಿದೆ ಎಂದರ್ಥ. ಬರಲಿಲ್ಲ. ಸ್ಟೆಪ್ನಿ, ಜಾಕು, ವೀಲ್ ಸ್ಪ್ಯಾನರ್ ಇವೆಯೇ ಎಂದು ನೋಡಿದ. ನಾಲ್ಕು ಟೈರಿನಲ್ಲಿ ಎರಡು ಬೋಳು. ಒಂದು ಸುತ್ತು ಓಡಿಸಿಕೊಂಡು ಬಂದು ನನ್ನ ಕಿವಿಯಲ್ಲಿ, "ಎಂಜಿನ್ ಚೆನ್ನಾಗಿದೆ ಸಾರ್, ಬೇರೆದಕ್ಕೆ ಎಂಟು ಹತ್ತು ಸಾವಿರ ಖರ್ಚಿದೆ" ಎಂದ. ಇದನ್ನು ಜೋರಾಗಿ ಹೇಳಿದ್ದರೆ ನಮ್ಮ ವ್ಯಾಪಾರ ಅಲ್ಲಿಗೇ ಕೆಡುತ್ತಿತ್ತು ಎಂದು ಮಾವ ಆಮೇಲೆ ಹೇಳಿದರು. ಚೆನ್ನಾಗಿದೆ ಎಂದರೂ ಕೆಡುಕು, ಚೆನ್ನಾಗಿಲ್ಲ ಎಂದರೂ ಕೆಡುಕು.

ಇದರ ಬಗ್ಗೆ ಅವರಿಗೊಂದು ಸಿದ್ಧಾಂತವೇ ಇತ್ತು. ಚೌಕಾಸಿ ಅಂದರೆ ವಸ್ತುವಿನ ಹುಳುಕು ಎತ್ತಿ ಆಡುವುದು ಎಂದು ಪೇಟೆಯ ಜನ ತಿಳಿದಿದ್ದಾರೆ. "ಮನೇಲಿ ಸಾಕಿದ ದನಾನ ಬಯ್ದ್ರೆ ಸಾಕಿದೋನ್ನೇ ಬಯ್ದಂಗೆ. ಅಂವ ಬೆಲೆ ಇಳ್ಸಕಿಲ್ಲ, ಮಾರೋದನ್ನೇ ಬುಡ್ತಾನೆ" ಎನ್ನುವುದು ಅವರ ವಾದ. ನಾನು ಆಮೇಲೆ ಈ ವಿದ್ಯೆಯ ಬಗ್ಗೆ ಬರೆದ ಒಂದೆರಡು ಪುಸ್ತಕ ಓದಿದ್ದೇನೆ. ಅಷ್ಟು ಪುಟಗಳಲ್ಲಿ ಇಷ್ಟು ಉಪಯೋಗದ ಮಾತು ನನಗೆ ಸಿಗಲಿಲ್ಲ.

ಬೆಲೆಯ ಮಾತು ಬಂದಾಗ ಬ್ರೋಕರ್ ನಡುವೆ ಕುರ್ಚಿ ಹಾಕಿಕೊಂಡ. ಮನೆಯವರು ಒಂದು ಲಕ್ಷದ ಇಪ್ಪತ್ತು ಸಾವಿರ ಎಂದರು. ಮಾವ ಏನೂ ಹೇಳದೆ ಬೀದಿಯ ಕಡೆ ನೋಡುತ್ತಾ ಕೂತರು. ಮೌನ ಉದ್ದವಾಯಿತು. ನನಗೆ ಎದೆ ಡವಡವ, ಏನಾದರೂ ಹೇಳಿಬಿಡೋಣ ಎನ್ನಿಸುತ್ತಿತ್ತು. ಹೆಂಡತಿ ನನ್ನ ಅಂಗಿಯ ಚುಂಗು ಹಿಡಿದು ಎಳೆದಳು. ಮಾತಾಡಿದ್ದು ಮನೆಯವರೇ: "ನೋಡಿ ಯಜಮಾನ್ರೆ, ನೀವು ದೊಡ್ಡೋರು, ಇನ್ನೊಂದು ಐದು ಸಾವಿರ ಬಿಡ್ತೀನಿ." ಮಾವ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ. ಬ್ರೋಕರ್ ಬಾಯಿ ಹಾಕಿ, "ಒಂದು ಹತ್ತು ಮಾಡ್ಕೊಳಿ, ಇಬ್ರಿಗೂ ಬೇಡ" ಎಂದ. ನಾವಿನ್ನೂ ಒಂದು ಅಂಕಿಯನ್ನೂ ಉಸುರಿರಲಿಲ್ಲ, ಬೆಲೆ ಹತ್ತು ಸಾವಿರ ಇಳಿದಿತ್ತು.

ಆಗ ಮಾವ ಎದ್ದು, ಮನೆಯವರ ಹೆಗಲ ಮೇಲೆ ಕೈ ಹಾಕಿ, "ಸ್ವಾಮಿ, ಸ್ವಲ್ಪ ಈ ಕಡೆ ಬನ್ನಿ" ಎಂದು ಕಾಂಪೌಂಡಿನ ಮೂಲೆಯ ಸೀಬೆಮರದ ಕೆಳಗೆ ಕರೆದುಕೊಂಡು ಹೋದರು. ಬ್ರೋಕರ್ ಎದ್ದು ಹಿಂಬಾಲಿಸಲು ನೋಡಿದ. ನನ್ನ ಹೆಂಡತಿ ಅವನನ್ನು, "ಇನ್ಶೂರೆನ್ಸ್ ಯಾವಾಗಿನವರೆಗೆ ಇದೆ?" ಎಂದು ಕೇಳಿ ಕೂರಿಸಿದಳು. ಮರದ ಕೆಳಗೆ ಏನಾಯಿತು ಎಂದು ನಮಗೆ ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ. ಜಾತ್ರೆಯಲ್ಲಾದರೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯಬಾರದೆಂದು. ಸಾಮಾನ್ಯವಾಗಿ ಅಲ್ಲಿ ನಡುವೆ ಕೈಯಾಡಿಸುವವನು ದಲ್ಲಾಳಿ. ಒಮ್ಮೆ ಮಾರುವವನ ಬೆರಳು ಹಿಡಿಯುತ್ತಾನೆ, ಒಮ್ಮೆ ಕೊಳ್ಳುವವನದು. ಹಾಗಾಗಿ ಟವೆಲಿನ ಒಳಗೆ ಎರಡೂ ಬೆಲೆ ಗೊತ್ತಿರುವವನು ಅವನೊಬ್ಬನೇ. ನಡುವಿನ ವ್ಯತ್ಯಾಸದಲ್ಲಿ ಅವನ ಅನ್ನವಿದೆ. ಅದನ್ನು ಐವತ್ತು ವರ್ಷ ಕಂಡಿದ್ದ ಮಾವ ಕುವೆಂಪುನಗರದಲ್ಲಿ ಮಾಡಿದ ಮೊದಲ ಕೆಲಸ ದಲ್ಲಾಳಿಯನ್ನು ಕುರ್ಚಿಯಲ್ಲೇ ಬಿಟ್ಟು ಎದ್ದದ್ದು.

ಐದು ನಿಮಿಷದಲ್ಲಿ ಇಬ್ಬರೂ ನಗುತ್ತಾ ಬಂದರು. ತೊಂಬತ್ತೆಂಟು ಸಾವಿರದ ಐನೂರು, ಮೇಲೊಂದು ರೂಪಾಯಿ. ಬ್ರೋಕರಿನ ಕಮಿಷನ್ ಎರಡು ಕಡೆಯಿಂದಲೂ ಬೇರೆ. ಅವನಿಗೆ ಅನ್ಯಾಯವಾಗಬಾರದೆಂದು ಮಾವನೇ ಹೇಳಿದರು. ಅವನ ಡೈರಿಯ ಅಂಕಿ ಎಷ್ಟಿತ್ತೋ, ಅವನ ಮುಖ ಮಾತ್ರ ಸಣ್ಣದಾಗಿತ್ತು.

ಇಷ್ಟಕ್ಕೆ ನಿಂತಿದ್ದರೆ ಇದೊಂದು ಚೌಕಾಸಿಯ ಕತೆ. ನಾನು ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದ್ದೆ. ಮಾವ ನನ್ನ ಕೈ ಮೇಲೆ ಕೈಯಿಟ್ಟು ಮನೆಯವರನ್ನು ಕೇಳಿದರು: "ಬುಕ್ಕು ಯಾರ ಹೆಸರಲ್ಲಿದೆ ಸ್ವಾಮಿ?"

ಒಳಗಿಂದ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆರ್‌ಸಿ ಬುಕ್ಕು ಬಂತು. ಹೆಂಡತಿ ತೆರೆದು ನೋಡಿದಳು. ಅದರಲ್ಲಿದ್ದ ಹೆಸರು ಎದುರಿಗೆ ಕೂತವರದಲ್ಲ. ಯಾರೋ ಬೇರೆಯವರದು. ಅದರ ಮೇಲೆ ಫೈನಾನ್ಸ್ ಕಂಪನಿಯೊಂದರ ಹೆಸರಿನ ಹೈಪಾಥಿಕೇಷನ್ ಸೀಲು ಕೂಡ ಹಾಗೇ ಇತ್ತು. ಮನೆಯವರು ಕಾರು ತೆಗೆದುಕೊಂಡದ್ದು 1999ರಲ್ಲಿ. ನಾಲ್ಕು ವರ್ಷ ಓಡಿಸಿದ್ದಾರೆ, ತಮ್ಮ ಹೆಸರಿಗೆ ಮಾಡಿಸಿಕೊಂಡಿಲ್ಲ. "ಅದೇನು ದೊಡ್ಡದಲ್ಲ, ಫಾರಂ ಎಲ್ಲಾ ಸೈನ್ ಆಗಿದೆ" ಎಂದು ಅವರು ಕವರಿನಿಂದ ಫಾರಂ 29ರ ಎರಡು ಪ್ರತಿ, ಫಾರಂ 30 ತೆಗೆದರು. ಮಾರಿದವರ ಜಾಗದಲ್ಲಿ ಸಹಿಯಿತ್ತು. ಕೊಂಡವರ ಹೆಸರು ಖಾಲಿ. ದಿನಾಂಕ ಖಾಲಿ. ಬ್ಯಾಂಕಿನವಳಾದ ನನ್ನ ಹೆಂಡತಿ ಆ ಖಾಲಿ ಜಾಗಗಳ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಬ್ರೋಕರ್‌ಗೆ ಮತ್ತೆ ಜೀವ ಬಂತು: "ಎಲ್ಲಾ ಗಾಡಿನೂ ಹಿಂಗೇ ಮೇಡಂ. ನಿಮ್ಮ ಹೆಸರು ಬರ್ಕೊಂಡ್ರೆ ಆಯ್ತು. ನಾಳೆ ಮಾರ್ಬೇಕಾದ್ರೂ ಸುಲಭ."

ಅವನು ಹೇಳಿದ್ದರಲ್ಲಿ ನಿಜವಿತ್ತು, ಅದೇ ಬೇಸರ. ಟ್ರಾನ್ಸ್‌ಫರ್ ಮಾಡಿಸಿದರೆ ಫೀಸು, ಓಡಾಟ, ಏಜೆಂಟಿನ ಖರ್ಚು. ಬುಕ್ಕಿನಲ್ಲಿ ಓನರುಗಳ ಸಂಖ್ಯೆ ಒಂದು ಹೆಚ್ಚಿದರೆ ಗಾಡಿಯ ಬೆಲೆಯೂ ಇಳಿಯುತ್ತದೆ. ಸೆಕೆಂಡ್ ಓನರ್ ಗಾಡಿಗೆ ಸಿಗುವ ಬೆಲೆ ಥರ್ಡ್ ಓನರ್ ಗಾಡಿಗಿಲ್ಲ. ಆದ್ದರಿಂದ ಸಹಿ ಹಾಕಿದ ಖಾಲಿ ಫಾರಂ ಕೈಯಿಂದ ಕೈಗೆ ದಾಟುತ್ತದೆ, ಗಾಡಿ ಊರಿಂದ ಊರಿಗೆ. ಕಾನೂನು ಮಾತ್ರ ಬೇರೆ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವನು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನದಲ್ಲಿ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ಅದೇ ಕಾಯ್ದೆಯಲ್ಲಿ ಮಾಲೀಕ ಎಂದರೆ ಯಾರ ಹೆಸರಲ್ಲಿ ವಾಹನ ನೋಂದಣಿಯಾಗಿದೆಯೋ ಅವನು. ಯಾರ ಮನೆಯ ಮುಂದೆ ನಿಂತಿದೆ, ಯಾರು ಪೆಟ್ರೋಲ್ ಹಾಕಿಸುತ್ತಾರೆ ಎಂಬುದು ಲೆಕ್ಕಕ್ಕಿಲ್ಲ.

ಮಾವನಿಗೆ ಈ ಕಲಮುಗಳು ಗೊತ್ತಿರಲಿಲ್ಲ. ಆದರೆ ಕದ್ದ ಎತ್ತನ್ನು ಜಾತ್ರೆಯಲ್ಲಿ ಮಾರಿ ಹೋದವನ ಬದಲು ಕೊಂಡವನನ್ನು ಪೊಲೀಸರು ಕರೆದೊಯ್ದದ್ದನ್ನು ಅವರು ಕಂಡಿದ್ದರು. ಅವರು ಅಲ್ಲೇ ಒಂದು ಏರ್ಪಾಡು ಹೇಳಿದರು. ಈಗ ಐದು ಸಾವಿರ ಅಡ್ವಾನ್ಸು. ಗಾಡಿ ಕೊಡುವ ದಿನ ಎಪ್ಪತ್ತು ಸಾವಿರ. ಉಳಿದದ್ದು ಬುಕ್ಕಿನಲ್ಲಿ ನನ್ನ ಹೆಸರು ಬಂದ ದಿನ. ಮನೆಯವರ ಮುಖ ಕೆಂಪಾಯಿತು. "ನಂಬಿಕೆ ಇಲ್ವಾ ಯಜಮಾನ್ರೆ?" ಎಂದರು. "ನಿಮ್ಮ ಮೇಲೆ ನಂಬ್ಕೆ ಅದೆ ಸ್ವಾಮಿ. ಬುಕ್ಕಲ್ಲಿರೋನು ನಂಗೆ ಗೊತ್ತಿಲ್ವಲ್ಲ" ಎಂದರು ಮಾವ. ಮಗನ ಕಾಲೇಜಿನ ದುಡ್ಡಿನ ಅವಸರ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡಿತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಅವರು ಒಪ್ಪಿದರು, ಬುಕ್ಕಿನ ಮೊದಲ ಮಾಲೀಕರ ವಿಳಾಸವನ್ನೂ ಕೊಟ್ಟರು.

ಮೊದಲ ಮಾಲೀಕರು ರಿಟೈರ್ ಆಗಿ ಹಾಸನದಲ್ಲಿದ್ದರು. ಒಂದು ಶನಿವಾರ ಮಧ್ಯಾಹ್ನ ನಾನು ಬಸ್ಸು ಹಿಡಿದು ಹೋದೆ. ಹಾಲಿನಲ್ಲಿ ಕೂರಿಸಿ ವಿಷಯ ಕೇಳಿದರು. ಬುಕ್ಕು ತೋರಿಸಿದೆ. ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ತಾವೇ ಓದಿ, "ಇನ್ನೂ ನನ್ನ ಹೆಸರಲ್ಲೇ ಇದೆಯೇನ್ರಿ?" ಎಂದು ಒಳಗಿನ ಹೆಂಡತಿಯನ್ನು ಕರೆದರು. ಆಕೆ ಬಂದು, "ನಾನು ಹೇಳ್ಲಿಲ್ವಾ, ಆ ಲೆಟರ್ ಬಂದಾಗ್ಲೇ" ಎಂದರು. ಬೆಂಗಳೂರಿನಿಂದ ಯಾವುದೋ ಸಿಗ್ನಲ್ ದಾಟಿದ್ದಕ್ಕೆ ದಂಡದ ನೋಟಿಸು ಬಂದಿತ್ತಂತೆ, ಅವರು ಕಾರು ಮಾರಿ ವರ್ಷವಾದ ಮೇಲೆ. ಅವರು ಅದಕ್ಕೆ ಉತ್ತರ ಬರೆದು ಡೆಲಿವರಿ ಲೆಟರಿನ ಜೆರಾಕ್ಸ್ ಲಗತ್ತಿಸಿ ಕಳಿಸಿ ಸುಮ್ಮನಾಗಿದ್ದರು. ಆ ಲೆಟರನ್ನು ನನಗೂ ತೋರಿಸಿದರು. ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ, ಗಾಡಿಯನ್ನು ಇಂಥ ದಿನ ಸಂಜೆ ಇಷ್ಟು ಗಂಟೆಗೆ ಒಪ್ಪಿಸಿದ್ದೇನೆ, ಇನ್ನು ಮುಂದಿನ ಜವಾಬ್ದಾರಿ ಕೊಂಡವರದು ಎಂಬ ಒಕ್ಕಣೆ. ಅಷ್ಟಿದ್ದರೆ ಸಾಕು ಎಂದು ಅವರು ನಂಬಿದ್ದರು. ಆಗ ನಾನೂ ಅಷ್ಟೇ ನಂಬುತ್ತಿದ್ದೆನೇನೋ.

ಅವರು ಫೈಲು ಇಟ್ಟುಕೊಳ್ಳುವ ಜಾತಿ. ಸಾಲ ತೀರಿದ್ದಕ್ಕೆ ಫೈನಾನ್ಸ್‌ನವರು ಕೊಟ್ಟ ಪತ್ರ, ಫಾರಂ 35, ಎಲ್ಲ ಗುಂಡುಸೂಜಿ ಚುಚ್ಚಿ ಇಟ್ಟಿದ್ದರು. ಸಾಲ ತೀರಿಸಿದ್ದರು, ಬುಕ್ಕಿನ ಸೀಲು ತೆಗೆಸಲು ಮಾತ್ರ ಹೋಗಿರಲಿಲ್ಲ. ಹೊಸ ಫಾರಂಗಳಿಗೆ ನನ್ನ ಹೆಸರು ತುಂಬಿದ ಮೇಲೆಯೇ, ದಿನಾಂಕ ಬರೆದೇ, ಸಹಿ ಹಾಕಿದರು. ಊಟ ಮಾಡಿಸಿಯೇ ಕಳಿಸಿದರು. ಬಾಗಿಲವರೆಗೆ ಬಂದು, "ಟ್ರಾನ್ಸ್‌ಫರ್ ಆದ ಮೇಲೆ ಒಂದು ಕಾರ್ಡ್ ಹಾಕಿ" ಎಂದು ಕೇಳಿಕೊಂಡರು. ಕಾರು ಮಾರಿ ಹಗುರಾಗಿದ್ದೇನೆಂದು ತಿಳಿದಿದ್ದ ಮನುಷ್ಯ, ಪಾಪ, ನಾಲ್ಕು ವರ್ಷ ಕಾನೂನಿನ ಕಣ್ಣಿನಲ್ಲಿ ಅದರ ಯಜಮಾನನಾಗಿಯೇ ಇದ್ದರು.

ಆರ್‌ಟಿಒ ಕಚೇರಿಯ ಭಾಗವನ್ನು ಬೇಗ ಮುಗಿಸುತ್ತೇನೆ. ಅದನ್ನು ಉಂಡವರೇ ಓದುಗರಲ್ಲಿ ಹೆಚ್ಚು. ಫೈನಾನ್ಸ್‌ನವರ ಪತ್ರ ಹಳೆಯದಾಯಿತು, ಹೊಸದು ತನ್ನಿ ಎಂದರು. ತಂದೆವು. ಎಮಿಷನ್ ಸರ್ಟಿಫಿಕೇಟ್ ಬೇಕೆಂದರು. ತಂದೆವು. ನನಗೆ ಇಷ್ಟವಾದದ್ದು ಒಂದೇ ಕೆಲಸ, ಚಾಸಿ ನಂಬರಿನ ಅಚ್ಚು ತೆಗೆಯುವುದು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿ, ಏಜೆಂಟಿನ ಹುಡುಗ ಆ ಕೊರೆದ ಅಂಕಿಗಳ ಮೇಲಿನ ಜಿಡ್ಡನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿದ. ತೆಳ್ಳನೆಯ ಕಾಗದದ ಪಟ್ಟಿ ಒತ್ತಿ ಹಿಡಿದು ಪೆನ್ಸಿಲಿನ ಸೀಸವನ್ನು ಅಡ್ಡಡ್ಡ ಉಜ್ಜಿದ. ಒಂದೊಂದೇ ಅಂಕಿ, ಬಿಳಿಯಾಗಿ, ಕಪ್ಪಿನ ನಡುವಿನಿಂದ ಮೇಲೆದ್ದು ಬಂತು. ಅದನ್ನು ಕತ್ತರಿಸಿ ಫಾರಂಗೆ ಅಂಟಿಸಿದ. ಬುಕ್ಕಿನ ಅಂಕಿಗೂ ಇದಕ್ಕೂ ಹೋಲಿಸಿ ನೋಡಿದ ಮೇಲೆಯೇ ಮುಂದಿನ ಸಹಿ. ಇಷ್ಟೆಲ್ಲ ಕಾಗದದ ನಡುವೆ ಕಾರು ತಾನೇ ಬಂದು ಸಾಕ್ಷಿ ಹೇಳಿದ್ದು ಅದೊಂದೇ ಕಡೆ.

ಬುಕ್ಕಿನಲ್ಲಿ ನನ್ನ ಹೆಸರು ಬಂದಾಗ ಮಳೆಗಾಲ ಶುರುವಾಗಿತ್ತು. ಅವತ್ತೇ ಸಂಜೆ ಕುವೆಂಪುನಗರಕ್ಕೆ ಹೋಗಿ ಬಾಕಿ ಹಣ ಎಣಿಸಿ ಕೊಟ್ಟೆ. ಮನೆಯವರಿಗೂ ಸಿಟ್ಟು ಇಳಿದಿತ್ತು. ಮಗನಿಗೆ ಸೀಟು ಸಿಕ್ಕಿತ್ತು. ಹಾಸನಕ್ಕೆ ಕಾರ್ಡ್ ಹಾಕಿದೆ. ಇನ್ಶೂರೆನ್ಸ್ ಕೂಡ ಮೊದಲ ಮಾಲೀಕರ ಹೆಸರಲ್ಲೇ ವರ್ಷ ವರ್ಷ ನವೀಕರಣವಾಗುತ್ತಿತ್ತು ಎಂಬುದು ಆಮೇಲೆ ಹೆಂಡತಿ ಪತ್ತೆಮಾಡಿದ ಸಂಗತಿ. ಕಂತು ಕಟ್ಟುತ್ತಿದ್ದವರು ಒಬ್ಬರು, ಪಾಲಿಸಿದಾರರು ಇನ್ನೊಬ್ಬರು. ನೋ ಕ್ಲೇಮ್ ಬೋನಸ್ ಎಂಬುದು ಮನುಷ್ಯನಿಗೆ ಸೇರಿದ್ದು, ಗಾಡಿಯ ಜೊತೆ ಬರುವುದಿಲ್ಲ. ಆದ್ದರಿಂದ ಅಷ್ಟು ವರ್ಷ ಸಿಗುತ್ತಿದ್ದ ರಿಯಾಯಿತಿಯೂ ನಮ್ಮ ಹೆಸರಿಗೆ ಬಂದ ಕೂಡಲೇ ಹೋಯಿತು. ಅವಳು ಅದನ್ನು ಒಪ್ಪಿಕೊಂಡು ಪೂರ್ತಿ ಕಂತು ಕಟ್ಟಿದಳು. ನನಗೆ ಸ್ವಲ್ಪ ಹೊಟ್ಟೆಯುರಿಯಿತು.

ಆ ಕಾರು ಚೆನ್ನಾಗಿ ದುಡಿಯಿತು. ನಂಜನಗೂಡು ರಸ್ತೆಯಲ್ಲಿ ದಿನವೂ ಓಡಿತು, ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮುಡುಕುತೊರೆ ಜಾತ್ರೆಗೂ ಹೋಗಿಬಂತು. 2011ಕ್ಕೆ ಹದಿನೈದು ವರ್ಷ ತುಂಬಿ ಮರುನೋಂದಣಿ ಮಾಡಿಸಿ ಹಸಿರು ತೆರಿಗೆ ಕಟ್ಟಿದೆವು. ಮರುವರ್ಷ ಹುಣಸೂರಿನ ಒಬ್ಬ ಹುಡುಗನಿಗೆ ಮಾರಿದೆ. ಮದುವೆ ಫೋಟೋ ತೆಗೆಯುವವನು, ಸಾಮಾನು ಹೇರಲು ಬೇಕಿತ್ತು. ಚೌಕಾಸಿ ಮಾಡಿದ, ನಾನೂ ಸ್ವಲ್ಪ ಸುಮ್ಮನೆ ಬೀದಿ ನೋಡುತ್ತಾ ಕೂತೆ, ನನಗೆ ಅದು ಮಾವನಷ್ಟು ಒಗ್ಗಲಿಲ್ಲ. ಕೊನೆಗೆ ಅವನೂ ಅದೇ ಮಾತು ತೆಗೆದ: "ಸಾರ್, ಫಾರಂಗೆ ಸೈನ್ ಹಾಕಿ ಕೊಡಿ, ನಾನು ನಿಧಾನಕ್ಕೆ ಮಾಡಿಸ್ಕೋತೀನಿ." ಆಗುವುದಿಲ್ಲ ಎಂದೆ. ಟ್ರಾನ್ಸ್‌ಫರ್ ಖರ್ಚಿನಲ್ಲಿ ಅರ್ಧ ನಾನು ಹಾಕುತ್ತೇನೆ, ಅರ್ಜಿ ಸಲ್ಲಿಸಲು ಜೊತೆಗೇ ಹೋಗೋಣ ಎಂದೆ. ಹೋದೆವು.

ಇದನ್ನು ಜಿಪುಣತನದಷ್ಟೇ ಕಟ್ಟುನಿಟ್ಟು ಎಂದು ಗೆಳೆಯರು ನಕ್ಕಿದ್ದರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಬಂತು, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣ. ಕಾರು 2007ರಲ್ಲೇ ಮಾರಾಟವಾಗಿತ್ತು, ಅಲ್ಲಿಂದ ಕೈಯಿಂದ ಕೈಗೆ ದಾಟಿತ್ತು. 2009ರಲ್ಲಿ ಅಪಘಾತವಾಯಿತು, ಜೀವ ಹೋಯಿತು. ರಿಜಿಸ್ಟ್ರೇಷನ್ ಮಾತ್ರ ಮೊದಲ ಮಾಲೀಕರ ಹೆಸರಲ್ಲೇ ಇತ್ತು. ಪರಿಹಾರದ ಹೊಣೆ ಯಾರದು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದು ಎಂದು ಕೋರ್ಟು ಹೇಳಿತು. ಗಾಯಗೊಂಡವರು, ಸತ್ತವರ ಮನೆಯವರು, ಕಾಗದದಲ್ಲಿಲ್ಲದ ಮಾಲೀಕರ ಸರಪಳಿಯನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ಅದರ ತರ್ಕ. ಆ ತರ್ಕ ಸರಿಯಾದದ್ದೇ. ಹಾಸನದ ಆ ಹಿರಿಯರ ಡೆಲಿವರಿ ಲೆಟರ್ ನನಗೆ ಆಗ ನೆನಪಾಯಿತು. ಆ ನಾಲ್ಕು ವರ್ಷದಲ್ಲಿ ಸಿಗ್ನಲ್ ದಾಟಿದ್ದರ ಬದಲು ಬೇರೇನಾದರೂ ನಡೆದಿದ್ದರೆ ಆ ರೆವಿನ್ಯೂ ಸ್ಟ್ಯಾಂಪು ಅವರನ್ನು ಕಾಯುತ್ತಿರಲಿಲ್ಲ.

ಈಗ ಕಾಲ ಸ್ವಲ್ಪ ಸುಧಾರಿಸಿದೆ. ಹಳೆಯ ಕಾರು ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ಆನ್‌ಲೈನಿನಲ್ಲಿ ತಿಳಿಸಬೇಕು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಬಂದಿದೆ. ಟ್ರಾನ್ಸ್‌ಫರ್ ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲಿ ಹಾಕಬಹುದು. ಆದರೂ ಸಹಿ ಹಾಕಿದ ಖಾಲಿ ಫಾರಂ ಕೇಳುವವರು ಕಡಿಮೆಯಾಗಿಲ್ಲ. ಹೋದ ದೀಪಾವಳಿಗೆ ನನ್ನ ಸಹೋದ್ಯೋಗಿಯೊಬ್ಬರು ಕಾರು ಬದಲಿಸಿದಾಗ ಅವರಿಗೂ ಅದೇ ಮಾತು ಹೇಳಿದರಂತೆ: "ಎಲ್ಲಾ ಗಾಡಿನೂ ಹಿಂಗೇ ಸಾರ್."

ನೀವು ಈಚೆಗೆ ಸ್ಕೂಟರನ್ನೋ ಕಾರನ್ನೋ ಮಾರಿದ್ದರೆ, ಅದರ ನಂಬರನ್ನು ಪರಿವಾಹನ್‌ನಲ್ಲಿ ಹಾಕಿ ನೋಡಿ. ಹೆಸರು ಪೂರ್ತಿ ಕಾಣುವುದಿಲ್ಲ, ಕೆಲವು ಅಕ್ಷರಗಳು ಮಾತ್ರ ಕಾಣುತ್ತವೆ, ನಿಮ್ಮದೇ ಹೆಸರನ್ನು ಗುರುತಿಸಲು ಅಷ್ಟು ಸಾಕು. ಅದು ನಿಮ್ಮದೇ ಆಗಿದ್ದರೆ ಕೊಂಡವರಿಗೆ ಈವತ್ತೇ ಫೋನ್ ಮಾಡಿ.